ಕವಳದ ಹೊತ್ತು

ಶಿರಸಿ ಸೀಮೆಯಲ್ಲಿ ಒಂದು ಕೆಲಸದಿಂದ ಎದ್ದು ಸೀದಾ ಇನ್ನೊಂದಕ್ಕೆ ಕೈಹಾಕುವವರು ಕಡಿಮೆ. ನಡುವೆ ಒಂದು ಕವಳ, ಅಂದರೆ ಎಲೆ ಅಡಿಕೆ, ಆಗಬೇಕು. ತೋಟದಿಂದ ಬಂದವರು ಸೊಸೈಟಿಗೆ ಹೊರಡುವ ಮೊದಲು ಜಗಲಿಯಲ್ಲಿ ಕೂರುತ್ತಾರೆ. ಎಲೆ ಒರೆಸಿ, ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ಸವರುತ್ತಾರೆ. ಅಡಕತ್ತರಿ ಕಟಕ್ ಎನ್ನುತ್ತದೆ. ಆಗ ಏನು ಕೇಳಿದರೂ ಉತ್ತರ 'ಹ್ಞೂಂ' ಅಷ್ಟೇ. ಬೆಂಗಳೂರಿನಿಂದ ಬಂದ ಅಳಿಯಂದಿರಿಗೆ ಇದು ಟೈಂ ವೇಸ್ಟ್. ನನಗೆ ಹಾಗನ್ನಿಸುವುದಿಲ್ಲ. ಕಾಲು ಬೇಗ ಮನೆಗೆ ಬಂದುಬಿಡುತ್ತದೆ, ತಲೆ ಇನ್ನೂ ತೋಟದಲ್ಲೇ ಇರುತ್ತದೆ, ಅಲ್ವಾ?

ಇದನ್ನು ಅಳೆದು ನೋಡಿದವರೂ ಇದ್ದಾರೆ. 1927ರಲ್ಲಿ ಅಮೆರಿಕದ ಆರ್ಥರ್ ಜರ್ಸಿಲ್ಡ್ ಎಂಬ ಮನಶ್ಶಾಸ್ತ್ರಜ್ಞ ಜನರಿಗೆ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಕೊಟ್ಟ. ಆಮೇಲೆ ಕೂಡುವುದು ಒಂದು, ಕಳೆಯುವುದು ಒಂದು ಎಂದು ಬೆರೆಸಿ ಕೊಟ್ಟ. ಬೆರೆಸಿದಾಗ ಕೈ ನಿಧಾನವಾಯಿತು. 1995ರಲ್ಲಿ ರೋಜರ್ಸ್ ಮತ್ತು ಮಾನ್ಸೆಲ್ ಇನ್ನೂ ಮುಂದೆ ಹೋದರು. ಮುಂದೆ ಯಾವ ಕೆಲಸ ಅಂತ ಗೊತ್ತಿದ್ದು, ತಯಾರಾಗಲು ಅರ್ಧ ಸೆಕೆಂಡಿನ ಆಸುಪಾಸು ಬಿಡುವು ಸಿಕ್ಕರೆ ಈ ನಿಧಾನ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಅರ್ಧ ಸೆಕೆಂಡು! ಅಷ್ಟರಲ್ಲಿ ನಮ್ಮಲ್ಲಿ ಸುಣ್ಣದ ಡಬ್ಬಿಯ ಮುಚ್ಚಳವೂ ತೆಗೆದಿರುವುದಿಲ್ಲ. ಆದರೆ ಅವರ ಪರೀಕ್ಷೆಯಲ್ಲಿದ್ದದ್ದು ಅಕ್ಷರ, ಅಂಕೆಗಳ ಸಣ್ಣ ಆಟ. ಕೊಳೆ ರೋಗ ಬಿದ್ದ ತೋಟ ನೋಡಿ ಬಂದು ಸಾಲದ ಕಾಗದ ಓದುವುದು ಬೇರೆ ಮಾತು.

ಅಷ್ಟು ಹೊತ್ತು ತಲೆಯೊಳಗೆ ಏನಾಗುತ್ತಿರುತ್ತದೆ? ಜರ್ಮನಿಯ ಹ್ಯಾನ್ಸ್ ಬರ್ಗರ್ ಮಿದುಳಿನ ವಿದ್ಯುತ್ ಅಲೆಗಳನ್ನು ತಲೆಯ ಹೊರಗಿನಿಂದಲೇ ದಾಖಲಿಸಿ 1929ರಲ್ಲಿ ಪ್ರಕಟಿಸಿದ. ಕಣ್ಣು ಮುಚ್ಚಿ ಸುಮ್ನೆ ಕೂತರೆ ಸೆಕೆಂಡಿಗೆ ಸುಮಾರು 10 ಸಲ ಏಳುವ ಅಲೆಯೊಂದು ಎದ್ದು ಕಾಣುತ್ತದೆ. ಕಣ್ಣು ಬಿಟ್ಟರೆ ತಗ್ಗುತ್ತದೆ. ಅದಕ್ಕೆ ಆಲ್ಫಾ ಎಂದು ಹೆಸರು. ಬಹಳ ಕಾಲ ಅದನ್ನು ಕೆಲಸವಿಲ್ಲದ ಮಿದುಳಿನ ಗುರುತು ಎಂದೇ ತಿಳಿದಿದ್ದರು. ಈಗ ಅನೇಕ ಸಂಶೋಧಕರು ಬೇರೆ ಹೇಳುತ್ತಾರೆ. ಈ ಅಲೆ ಸದ್ಯಕ್ಕೆ ಬೇಡದ ಭಾಗವನ್ನು ತಣ್ಣಗಿಡುತ್ತದಂತೆ. ದನಿಯೊಂದಕ್ಕೆ ಕಿವಿಗೊಟ್ಟು ಕಾಯುವಾಗ, ನೋಟಕ್ಕೆ ಮೀಸಲಾದ ಹಿಂಭಾಗದಲ್ಲಿ ಆಲ್ಫಾ ಜಾಸ್ತಿಯಾಗುತ್ತದೆ. ಒಬ್ಬ ಹುಡುಗನ ಮಗ್ಗಿ ಕೇಳುವ ಮೊದಲು ಶಾಲೆಯ ಅಕ್ಕೋರು ಉಳಿದವರ ಬಾಯಿ ಮುಚ್ಚಿಸುವ ಹಾಗೆ. ಅದೇ ಹೊತ್ತಿಗೆ ಹಣೆಯ ನಡುವಿನ ಭಾಗದಲ್ಲಿ ಥೀಟಾ ಎಂಬ ನಿಧಾನದ ಅಲೆ, ಸೆಕೆಂಡಿಗೆ 4ರಿಂದ 8 ಸಲದ್ದು, ಮೇಲುಸ್ತುವಾರಿ ಬೇಕಾದ ಕೆಲಸಗಳಲ್ಲಿ ಏರುತ್ತದೆ. ಅಂದರೆ ಸುಮ್ನೆ ಕೂತಂತೆ ಕಾಣುವವನ ಒಳಗೆ ಸಾಕಷ್ಟು ಗಡಿಬಿಡಿ ಇರಬಹುದು.

ಕವಳವನ್ನು ಹೊಗಳುತ್ತಿಲ್ಲ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ತಂಬಾಕು ಸೇರಿದರಂತೂ ಕೇಳುವುದೇ ಬೇಡ. (ಇದನ್ನು ಶಿರಸಿಯಲ್ಲಿ ಗಟ್ಟಿಯಾಗಿ ಹೇಳಿದರೆ ಊಟ ಸಿಗುವುದು ಅನುಮಾನ.) ನನಗೆ ಬೇಕಾದದ್ದು ಕವಳದ ಹೊತ್ತು ಮಾತ್ರ. ಈಗಿನ ಹುಡುಗರು ಆ ಜಾಗಕ್ಕೆ ಮೊಬೈಲ್ ತಂದಿದ್ದಾರೆ. ಅದು ಬಿಡುವಲ್ಲ, ಮೂರನೇ ಕೆಲಸ. ವೀಳ್ಯದೆಲೆಯಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ ನೋಡಿ.

ಆದರೂ ರೋಜರ್ಸ್ ಮತ್ತು ಮಾನ್ಸೆಲ್ ಇನ್ನೊಂದು ಮಾತು ಹೇಳಿದ್ದಾರೆ. ಬಿಡುವನ್ನು ಇನ್ನಷ್ಟು ಉದ್ದ ಮಾಡಿದರೂ ಕೆಲಸ ಬದಲಿಸಿದ್ದರ ಒಂದಿಷ್ಟು ತೊಡಕು ಉಳಿದೇ ಉಳಿಯುತ್ತದೆ. ನಮ್ಮಪ್ಪನನ್ನು ಅವರು ನೋಡಿರಲಿಲ್ಲ, ಆದರೂ ಸರಿಯಾಗೇ ಹೇಳಿದ್ದಾರೆ. ಮಳೆಗಾಲದಲ್ಲಿ ಕೊನೆಗೌಡನನ್ನು ಮರ ಹತ್ತಿಸಿ ಅಡಿಕೆಗೆ ಮದ್ದು ಹೊಡೆಸುವ ದಿನ, ಕವಳ ಉಗಿದು, ಮಿಂದು, ಮಡಿ ಉಟ್ಟು ಪೂಜೆಗೆ ಕೂತಿರುತ್ತಿದ್ದ. ಮಂತ್ರ ಸರಾಗವಾಗಿ ಹೋಗುತ್ತಿರುತ್ತಿತ್ತು. ನಡುವೆ ಗಂಟೆ ಎತ್ತಿದ ಕೈ ಹಾಗೇ ನಿಲ್ಲಿಸಿ ಒಳಗಿನಿಂದಲೇ ಕೂಗುತ್ತಿದ್ದ: "ಕೊನೆಗೌಡ ಬಂದ್ನನೇ?"