ನೆಟ್ ಬಂದ್ ಮಾಡುವ ಆದೇಶವನ್ನು ಮೊದಲು ಜನರಿಗೆ ತೋರಿಸಿ

ಎಲ್ಲಾದರೂ ಗಲಾಟೆ ಆದರೆ ಸಾಕು, "ಮೊದಲು ನೆಟ್ ಬಂದ್ ಮಾಡ್ರಿ, ಎಲ್ಲಾ ತಣ್ಣಗಾಗುತ್ತದೆ" ಅನ್ನುವವರು ನಮ್ಮ ಜಮಖಂಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ತೀರಾ ಬೇಕಾದವರೂ ಇದನ್ನೇ ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಒಂದು ಸುಳ್ಳು ವಿಡಿಯೋ ಬೆಳಗಾಗುವುದರೊಳಗೆ ಬಾಗಲಕೋಟೆಯಿಂದ ಬೆಳಗಾವಿ ತನಕ ಓಡಾಡಿ, ನಿನ್ನೆವರೆಗೆ ಚೆನ್ನಾಗಿದ್ದ ಎರಡು ಓಣಿಗಳ ನಡುವೆ ಜಗಳ ಹಚ್ಚಬಲ್ಲದು. ಇಷ್ಟೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಇಡೀ ಜಿಲ್ಲೆಯ ಮೊಬೈಲ್ ಡೇಟಾ ಕಿತ್ತುಕೊಳ್ಳುವ ಅಧಿಕಾರ ಇಷ್ಟು ಸಲೀಸಾಗಿ ಯಾವ ಸರ್ಕಾರದ ಕೈಯಲ್ಲೂ ಇರಬಾರದು. ಯಾವ ಪಕ್ಷದ ಸರ್ಕಾರವಾದರೂ ಸರಿ.

ಈ ಅಧಿಕಾರದ ಬೇರು ಹಳೆಯದು. ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆ. ಅದರ ಅಡಿಯಲ್ಲೇ 2017ರಲ್ಲಿ ನೆಟ್ ನಿಲ್ಲಿಸುವ ನಿಯಮ ಬಂತು. ಆಮೇಲೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು, 2024ರಲ್ಲಿ ಹೊಸ ನಿಯಮಗಳೂ ಬಂದವು. ಕಾಯ್ದೆ ಹೊಸದಾದರೂ 'ಸಾರ್ವಜನಿಕ ತುರ್ತುಸ್ಥಿತಿ', 'ಸಾರ್ವಜನಿಕ ಸುರಕ್ಷತೆ' ಅನ್ನುವ ಅದೇ ಹಳೆಯ ಕಾರಣಗಳು ಉಳಿದುಕೊಂಡವು. ಎಷ್ಟು ದೊಡ್ಡ ಗಲಾಟೆ ಆದರೆ ತುರ್ತುಸ್ಥಿತಿ ಅನ್ನೋದನ್ನು ಅಲ್ಲಿ ಬರೆದಿಲ್ಲ. ಕುರ್ಚಿಯಲ್ಲಿ ಕೂತವರು ತೀರ್ಮಾನಿಸಿದ್ದೇ ತುರ್ತು.

2023ರ ಆ ಹೊಸ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಒಳ್ಳೆಯದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ವಿಪತ್ತಿನ ಹೊತ್ತಲ್ಲಿ ಸರ್ಕಾರ ಯಾವುದೇ ಕಂಪನಿಯ ನೆಟ್‌ವರ್ಕ್ ಅನ್ನು ತಾತ್ಕಾಲಿಕವಾಗಿ ವಶಕ್ಕೆ ತೆಗೆದುಕೊಳ್ಳಬಹುದು, ರಕ್ಷಣೆಗೆ ಇಳಿದವರ ಸಂದೇಶ ಮೊದಲು ಹೋಗುವಂತೆ ಮಾಡಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದನ್ನು ನೋಡಿದ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಯಾವ ಸೇತುವೆ ಮುಳುಗಿತು, ದನಗಳನ್ನು ಎಲ್ಲಿಗೆ ಹೊಡೆಯಬೇಕು, ಬೋಟ್ ಯಾವ ಕಡೆಯಿಂದ ಬರುತ್ತದೆ, ಇದೆಲ್ಲ ಫೋನಿನಲ್ಲೇ ತಿಳಿಯಬೇಕಿತ್ತು ಅಲ್ವಾ? 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನೂ ಒಂದೇ ಸಲ ಜೋರಾಗಿ ಕೂಗಿ ಎಚ್ಚರಿಕೆ ಸಂದೇಶದ ಪರೀಕ್ಷೆ ನಡೆಯಿತಲ್ಲ, ಅಂಥದ್ದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಜನರನ್ನು ಬೆಸೆಯುವ ಈ ಅಧಿಕಾರದ ಪಕ್ಕದಲ್ಲೇ, ಅದೇ ಸೆಕ್ಷನ್‌ನಲ್ಲಿ, ಜನರ ಸಂಪರ್ಕ ಕಡಿಯುವ ಅಧಿಕಾರವೂ ಕೂತಿದೆ. ನನ್ನ ತಕರಾರು ಅದರ ಬಗ್ಗೆ.

ನೆಟ್ ಬಂದ್ ಅಂದರೆ ಹೆಚ್ಚಾಗಿ ಮೊಬೈಲ್ ಡೇಟಾ ಬಂದ್. ಮನೆಗೆ ಫೈಬರ್ ಎಳೆಸಿಕೊಂಡವರಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ದಿನದ ರೀಚಾರ್ಜ್ ನಂಬಿದವರಿಗೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳಿಗೆ ಫೋನ್‌ಪೇ ದುಡ್ಡು ಬರುವುದಿಲ್ಲ. ರೇಷನ್ ಅಂಗಡಿಯ ಮಷಿನ್ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಇಳಕಲ್ಲಿನಲ್ಲಿ, ರಬಕವಿ-ಬನಹಟ್ಟಿಯಲ್ಲಿ ಸೀರೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಆರ್ಡರ್ ಹಿಡಿಯುವ ನೇಕಾರರ ಮನೆಗಳಿವೆ, ಅವರ ಗಿರಾಕಿ ಎರಡು ದಿನ ಕಾಯುವುದಿಲ್ಲ, ಬೇರೆ ಕಡೆ ಹೋಗುತ್ತಾನೆ. ಇವರಲ್ಲಿ ಯಾರೂ ಕಲ್ಲು ತೂರಿದವರಲ್ಲ.

ಇನ್ನು ವದಂತಿಯ ಮಾತು. ನೆಟ್ ಇಲ್ಲದ ಊರಿನಲ್ಲಿ ವದಂತಿ ನಿಲ್ಲುತ್ತದಾ? ಚಹಾ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಫೋನ್ ಕರೆಯಲ್ಲಿ ಅದು ಇನ್ನೂ ಬೆಳೆಯುತ್ತದೆ. ನಿಲ್ಲುವುದು "ಆ ವಿಡಿಯೋ ಹಳೆಯದು, ನಮ್ಮೂರಿನದಲ್ಲ" ಅನ್ನುವ ಪೊಲೀಸರ ಸ್ಪಷ್ಟನೆ. ನಿಲ್ಲುವುದು "ನಾವು ಆರಾಮ ಇದ್ದೇವೆ" ಅಂತ ಮಗಳು ಕಳಿಸುವ ಫೋಟೋ. ಒಂದು ಮನೆಗೆ ಬೆಂಕಿ ಬಿತ್ತು ಅಂತ ಊರಿನ ಬಾವಿಯನ್ನೇ ಮುಚ್ಚಿದ ಹಾಗೆ ಇದು. ಹಾಗಾದರೆ ನೆಟ್ ನಿಲ್ಲಿಸಿದ್ದರಿಂದ ಗಲಾಟೆ ಕಡಿಮೆ ಆಗಿದೆಯಾ ಅಂತ ಸರ್ಕಾರ ಲೆಕ್ಕ ಹಾಕಿದೆಯೇ? 2021ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನೇ ಕೇಳಿತ್ತು. ದೇಶದಲ್ಲಿ ಎಷ್ಟು ಸಲ ನೆಟ್ ನಿಲ್ಲಿಸಲಾಗಿದೆ ಎಂಬ ದಾಖಲೆಯನ್ನೇ ಕೇಂದ್ರ ಇಟ್ಟಿರಲಿಲ್ಲ. ಇಷ್ಟು ದೊಡ್ಡ ಅಸ್ತ್ರ ಬಳಸುವವರು ಅದರ ಲೆಕ್ಕವನ್ನೂ ಇಡುವುದಿಲ್ಲ ಅಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಒಮ್ಮೆ ಕೈಗೆ ಬಂದ ಅಧಿಕಾರ ತಾನಾಗಿ ಸಣ್ಣದಾಗುವುದಿಲ್ಲ. ದೇಶದಲ್ಲಿ ತುರ್ತುಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕೆಗಳ ಕರೆಂಟ್ ತೆಗೆದರು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ನಿಂತ 4ಜಿ, ಎಲ್ಲ ಕಡೆ ವಾಪಸ್ ಬಂದದ್ದು 2021ರ ಫೆಬ್ರವರಿಯಲ್ಲಿ. ರಾಜಸ್ಥಾನದಲ್ಲಿ ನೇಮಕಾತಿ ಪರೀಕ್ಷೆಯಲ್ಲಿ ಕಾಪಿ ತಡೆಯಲು ಕೂಡ ನೆಟ್ ನಿಲ್ಲಿಸಿದರು! ಪರೀಕ್ಷೆ ಎಲ್ಲಿಯ ತುರ್ತುಸ್ಥಿತಿ?

2020ರ ಜನವರಿ 10ರಂದು ಪತ್ರಕರ್ತೆ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ನೆಟ್ ನಿಲ್ಲಿಸುವ ಆದೇಶವನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ. ಈಗಿನ ನಿಯಮದಲ್ಲಿ ಒಂದು ಆದೇಶ 15 ದಿನ ದಾಟುವಂತಿಲ್ಲ. ಆದೇಶ ಕೊಡಬೇಕಾದವರು ರಾಜ್ಯದ ಗೃಹ ಕಾರ್ಯದರ್ಶಿ. ಡಿಸಿ ಸಾಹೇಬರು ಮನಸ್ಸು ಮಾಡಿದರೆ ಆಯ್ತು ಅಂತ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ, ಹಾಗಿಲ್ಲ. ಆದೇಶವನ್ನು ಪರಿಶೀಲಿಸುವ ಸಮಿತಿಯಲ್ಲಿ ಮುಖ್ಯ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ಅಧಿಕಾರಿ ಬರೆದದ್ದನ್ನು ಅಧಿಕಾರಿಗಳೇ ನೋಡುತ್ತಾರೆ. ನಿವೃತ್ತ ನ್ಯಾಯಾಧೀಶರನ್ನೂ ಜನಪ್ರತಿನಿಧಿಗಳನ್ನೂ ಸೇರಿಸಿ ಅಂತ ಸಂಸತ್ತಿನ ಆ ಸ್ಥಾಯಿ ಸಮಿತಿಯೇ ಹೇಳಿತ್ತು.

ಪ್ರಕಟಿಸುವುದು ಅಂದರೆ ವೆಬ್‌ಸೈಟಿಗೆ ಹಾಕಿ ಕೈತೊಳೆದುಕೊಳ್ಳುವುದಲ್ಲ. ನೆಟ್ ಇಲ್ಲದವನು ಅದನ್ನು ಹೇಗೆ ಓದಬೇಕು? ಕನ್ನಡದಲ್ಲಿ ಬರೆಯಿರಿ, ಪಂಚಾಯಿತಿ ಬೋರ್ಡಿಗೆ ಅಂಟಿಸಿ, ಆಕಾಶವಾಣಿಯಲ್ಲಿ ಓದಿ, ಹಳ್ಳಿಯಲ್ಲಿ ಡಂಗುರ ಸಾರಿ. ಯಾವ ಊರು, ಎಷ್ಟು ಗಂಟೆ, ಯಾಕೆ ಅಂತ ಹೇಳಿ. ಆಸ್ಪತ್ರೆ, ರೇಷನ್, ಹಣ ಪಾವತಿಯನ್ನು ಬಿಟ್ಟು ನಿಲ್ಲಿಸಲು ಆಗುತ್ತಿತ್ತಾ ಅಂತಲೂ ಹೇಳಿ.

ಚಳಿಗಾಲದ ಅಧಿವೇಶನಕ್ಕೆ ಎಲ್ಲ ಶಾಸಕರೂ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತಾರೆ. 2017ರಿಂದ ಇಲ್ಲಿಯವರೆಗೆ ಕರ್ನಾಟಕದಲ್ಲಿ ಹೊರಟ ಅಂಥ ಆದೇಶಗಳೆಷ್ಟು, ಅವುಗಳ ಪ್ರತಿ ಎಲ್ಲಿವೆ, ಪರಿಶೀಲಿಸುವ ಸಮಿತಿ ಯಾವುದನ್ನಾದರೂ ರದ್ದು ಮಾಡಿದೆಯೇ ಅಂತ ಸದನದಲ್ಲಿ ಕೇಳಲು ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿಟ್ಟಿದ್ದೇನೆ. ಸಹಿ ಹಾಕುವವರು ತಿಳಿಸಿ. ಮುಧೋಳ, ಇಳಕಲ್, ಬಾದಾಮಿ ಕಡೆಯವರು ನಿಮ್ಮ ಶಾಸಕರಿಗೂ ಇದೇ ಪತ್ರ ಕೊಡುವುದಾದರೆ ಪ್ರತಿ ಕಳಿಸುತ್ತೇನೆ.