ಪೇಪರ್ ಹುಡುಗ ಇಲ್ಲದ ಊರು

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ಗೆ ಬಂದ ಮೊದಲ ವಾರ ದಿನಾ ಬೆಳಗ್ಗೆ ಎದ್ದು ಬಾಗಿಲು ತೆಗೆದು ನೋಡುತ್ತಿದ್ದೆ. ಮೈಸೂರಿನ ಅಭ್ಯಾಸ. ಹೊಸಿಲ ಹತ್ತಿರ ಪೇಪರ್ ಬಿದ್ದಿರಬೇಕು, ಅಲ್ವಾ? ಇಲ್ಲಿ ಬರೀ ಕಾಲೊರಸು. ಓದಲು ಬಾರದ ಭಾಷೆಯ ಪೇಪರ್ ಯಾಕ್ರೀ ಅಂತ ಹೆಂಡತಿ ನಕ್ಕಳು, ಅದೂ ಸರಿಯೇ.

ಆಮೇಲೆ ಭಾಷೆ ಕಲಿಯಲೆಂದೇ ಕೊಳ್ಳತೊಡಗಿದೆ. ರೊಮೇನಿಯನ್ ಭಾಷೆಯಲ್ಲಿ ಪೇಪರಿಗೆ ಝಿಯಾರ್ ಅಂತಾರೆ. ಝಿ ಅಂದರೆ ದಿನ, ಥೇಟ್ ನಮ್ಮ ದಿನಪತ್ರಿಕೆ. ಪೇಪರ್‌ಗಳ ಹೆಸರಲ್ಲೇ ಒಂದು ಕಥೆ ಇದೆ. ರೊಮುನಿಯಾ ಲಿಬೆರ ಅಂದರೆ ಸ್ವತಂತ್ರ ರೊಮೇನಿಯಾ. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಜನರನ್ನ ಬಾಯಿ ಬಿಡಲು ಬಿಡದಿದ್ದ ಕಾಲದಲ್ಲೂ ಅದು ಇದೇ ಹೆಸರಿನಲ್ಲಿ ಬರುತ್ತಿತ್ತು, ಜನ ಅದರಲ್ಲಿ ಹುಡುಕುತ್ತಿದ್ದುದು ಸುದ್ದಿಗಿಂತ ಜಾಸ್ತಿ ಸಣ್ಣ ಜಾಹೀರಾತನ್ನ! ಕಮ್ಯುನಿಸ್ಟ್ ಪಕ್ಷದ ಮುಖವಾಣಿ ಪೇಪರಿನ ಹೆಸರಿನ ಅರ್ಥ ಕಿಡಿ. 1989ರ ಡಿಸೆಂಬರಿನಲ್ಲಿ ಸರ್ಕಾರ ಉರುಳಿದ್ದೇ ತಡ, ಅದರ ಜಾಗಕ್ಕೆ ಅದೆವರುಲ್ ಬಂತು, ಅಂದರೆ ಸತ್ಯ. ಅದು ಹಳೇ ಕಾಲದಲ್ಲಿದ್ದ, ಕಮ್ಯುನಿಸ್ಟರು 1951ರಲ್ಲಿ ಮುಚ್ಚಿಸಿದ ಪೇಪರಿನ ಹೆಸರು. ಕಿಡಿ ಅಚ್ಚಾಗುತ್ತಿದ್ದ, ಮಾಸ್ಕೋ ಮಾದರಿಯ ಆ ದೊಡ್ಡ ಕಟ್ಟಡ ಈಗ ಸ್ವತಂತ್ರ ಪತ್ರಿಕಾ ಭವನ. ಬೋರ್ಡ್ ಬದಲಾಯಿತು, ಕಟ್ಟಡ ಅದೇ.

ಆದರೆ ಸುಮ್ನೆ ನಗೋ ಹಾಗಿಲ್ಲ. 2015ರ ಅಕ್ಟೋಬರ್ 30ರಂದು ಇಲ್ಲಿನ ಕೊಲೆಕ್ತಿವ್ ಎಂಬ ಕ್ಲಬ್ಬಿಗೆ ಬೆಂಕಿ ಬಿದ್ದು, ಕೊನೆಗೆ 64 ಜನ ಸತ್ತರು. ಅವರಲ್ಲಿ ಎಷ್ಟೋ ಜನ ಸತ್ತಿದ್ದು ಆಸ್ಪತ್ರೆಗೆ ಸೇರಿದ ಮೇಲೆ. ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಸೋಂಕುನಿವಾರಕಕ್ಕೆ ನೀರು ಬೆರೆಸಿದ್ದಾರೆ ಅಂತ 2016ರಲ್ಲಿ ಬಯಲಿಗೆಳೆದದ್ದು ಯಾರು ಗೊತ್ತಾ? ಗಜೆತಾ ಸ್ಪೋರ್ತುರಿಲೋರ್. ಫುಟ್‌ಬಾಲ್ ಸುದ್ದಿ ಬರೆಯೋ ಕ್ರೀಡಾ ಪೇಪರ್! ಆರೋಗ್ಯ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ನಮ್ಮ ಪೇಪರ್‌ಗಳಲ್ಲಿ ಕ್ರೀಡಾ ಪುಟದವರು ಸ್ಕೋರು ಬರೆದು ಮನೆಗೆ ಹೋಗ್ತಾರೆ ಅಂತ ನಾನು ಹೇಳಲಿಲ್ಲ, ನೀವೇ ಅಂದುಕೊಂಡಿದ್ದು.

ಇಷ್ಟು ಗಟ್ಟಿ ಪೇಪರ್‌ಗಳನ್ನು ಕೊಳ್ಳೋದು ಎಲ್ಲಿ? ಅದೇ ತಲೆನೋವು. ಇಲ್ಲಿ ಪೇಪರ್ ಅಂದರೆ ಬೀದಿ ಬದಿಯ ಗೂಡಂಗಡಿ. 2011ರಲ್ಲಿ ನಗರಾಡಳಿತ ಅವುಗಳಲ್ಲಿ ಬಹಳಷ್ಟನ್ನು ಎತ್ತಿಸಿಬಿಟ್ಟಿತು. ಅದೇ ವರ್ಷ ಗುಂದುಲ್ ಅನ್ನೋ ಪೇಪರ್ ಅಚ್ಚು ನಿಲ್ಲಿಸಿ ಬರೀ ಇಂಟರ್ನೆಟ್‌ಗೆ ಹೋಯಿತು. ಎಲ್ಲಾ ಗೂಡಂಗಡಿಯಿಂದಲೇ ಆಯಿತು ಅಂತಲ್ಲ, ಫೋನು ಇಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಕೊಳ್ಳೋಕೆ ಮನೆಯಿಂದ ಹೊರಡಬೇಕಾದ ಪೇಪರ್ ಬೇಗ ಮರೆತುಹೋಗುತ್ತೆ. ನಮ್ಮ ಕೆಳಗಿನ ಮನೆಯ ಅಜ್ಜಿ ಮಳೆ ಬಂದರೆ ಪೇಪರ್ ತರೋಲ್ಲ, ಹಿಮ ಬಿದ್ದರಂತೂ ವಾರಗಟ್ಟಲೆ ಇಲ್ಲ.

ಊರ ಸುದ್ದಿಯ ಲೆಕ್ಕ ಇಲ್ಲಿ ಬೇರೆ. ರಾಜಧಾನಿಯ ಪೇಪರ್ ಒಂದು ಕಡೆ, ಸುಚಾವಾದಂಥ ಜಿಲ್ಲೆಗಳ ಸ್ವಂತ ಪೇಪರ್ ಇನ್ನೊಂದು ಕಡೆ. ನಮ್ಮಲ್ಲಿ ದೊಡ್ಡ ಪೇಪರೇ ಜಿಲ್ಲೆಗೊಂದು ಪುಟ ಸೇರಿಸಿ ಕೊಡುತ್ತೆ. ಜೊತೆಗೆ ಮೈಸೂರಿನಲ್ಲಿ ಆಂದೋಲನ, ಮೈಸೂರು ಮಿತ್ರ ಇವೆ. ಎಲ್ಲವನ್ನೂ ಒಂದೇ ಹುಡುಗ ಒಂದೇ ಸೈಕಲ್ಲಿನಲ್ಲಿ ತಂದು ಹಾಕ್ತಾನೆ.

ಮೊನ್ನೆ ಫೋನ್ ಮಾಡಿದಾಗ ಅಪ್ಪ ಗೊಣಗುತ್ತಿದ್ದರು. ಹುಡುಗ ಬಿಟ್ಟು ಹೋಗಿದ್ದಾನಂತೆ, ಎರಡು ದಿನದಿಂದ ಪೇಪರ್ ಇಲ್ಲವಂತೆ. ಏಜೆಂಟರಿಗೆ ಮೂರು ಸಲ ಫೋನ್ ಮಾಡಿದ್ದಾರೆ.