ಉಸಿರು ಬಿಗಿಹಿಡಿದರೆ ಚಡಪಡಿಕೆ ಯಾಕೆ?
ಆಮ್ಲಜನಕದಂತೆ ಇಂಗಾಲದ ಡೈಆಕ್ಸೈಡನ್ನೂ ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನೇ ಹೊತ್ತು ತರುತ್ತದೆ ಎಂದು ಅಂದುಕೊಳ್ಳಬಹುದು. ಅದು ಸ್ವಲ್ಪ ಮಟ್ಟಿಗೆ ಮಾತ್ರ ನಿಜ. ನೂರಕ್ಕೆ ಸುಮಾರು 70 ಪಾಲು ಡೈಆಕ್ಸೈಡ್ ಬೈಕಾರ್ಬನೇಟ್ ಎಂಬ ಕರಗುವ ರೂಪಕ್ಕೆ ಬದಲಾಗಿ, ರಕ್ತದಲ್ಲಿ ಕರಗಿಯೇ ಶ್ವಾಸಕೋಶಕ್ಕೆ ಬರುತ್ತದೆ. ಕೆಂಪು ರಕ್ತಕಣದೊಳಗಿನ ಒಂದು ಕಿಣ್ವ ಈ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಆದರೆ ಜೊತೆಗೆ ಆಮ್ಲವೂ ಹುಟ್ಟುತ್ತದೆ. ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ) 7.35ರಿಂದ 7.45ರೊಳಗೇ ಇರಬೇಕು, ಅದಕ್ಕೆ ಡೈಆಕ್ಸೈಡನ್ನು ಹೊರಹಾಕುವ ಉಸಿರಾಟ ಬೇಕು.

ಒಮ್ಮೆ ಉಸಿರು ಬಿಗಿಹಿಡಿದು ನೋಡಿ. ಎದೆ ಚಡಪಡಿಸುತ್ತದೆ, ಅಲ್ವಾ? ಆಗಿನ್ನೂ ಆಮ್ಲಜನಕ ಸಾಕಷ್ಟಿರುತ್ತದೆ. ಮಿದುಳು ಎಚ್ಚರಿಸುವುದು ಡೈಆಕ್ಸೈಡ್ ಜಾಸ್ತಿಯಾಯಿತು ಅಂತ. ಅದಕ್ಕೇ ಸುಮ್ನೆ ಹತ್ತಾರು ಸಲ ಜೋರಾಗಿ ಉಸಿರಾಡಿ ನೀರಿಗೆ ಧುಮುಕಬೇಡಿ. ಡೈಆಕ್ಸೈಡ್ ತೀರಾ ಇಳಿದು, ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಸಾಲದೆ ನೀರೊಳಗೆ ಪ್ರಜ್ಞೆ ತಪ್ಪಬಹುದು.